ಪಾಚಿ ಬರೆದ ಅಕ್ಷರ

ನಾನು ಭಾಷೆ ಕಲಿಸುತ್ತಿದ್ದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರನ್ನು ನಾವೆಲ್ಲರೂ ಸಾಣೆ ಟೀಚರ್ ಎಂದೇ ಕರೆಯುತ್ತಿದ್ದೆವು. ಅವರ ಮೇಜಿನ ಡ್ರಾಯರಿನಲ್ಲಿ ಒಂದು ಸಾಣೆಕಲ್ಲಿತ್ತು. ಕತ್ತರಿ, ಬ್ಲೇಡು, ಅಡುಗೆಮನೆಯ ಚಾಕು, ಯಾರು ಏನು ತಂದುಕೊಟ್ಟರೂ ಬಿಡುವಿನ ವೇಳೆಯಲ್ಲಿ ಮಸೆದುಕೊಡುತ್ತಿದ್ದರು. ತಮ್ಮ ನಾಲಗೆಯನ್ನೂ ಅದರ ಮೇಲೆಯೇ ಮಸೆಯುತ್ತಾರೆ ಎಂದು ನಗೆಯಾಡುವುದು ನಮ್ಮ ಸ್ಟಾಫ್ ರೂಮಿನ ವಾಡಿಕೆಯಾಗಿತ್ತು. ಅವರ ಗಂಡ ಬಸ್ಸಿನ ಚಾಲಕರು, ಮಾತು ಕಡಿಮೆ. ಒಮ್ಮೆ ಅವರನ್ನು ಕೇಳಿದೆ, ಮನೆಯಲ್ಲಿ ಹೇಗೆ ಎಂದು. "ದಿನವೆಲ್ಲ ಹಾರ್ನ್ ಹೊಡೀತೀನಿ ಮೇಷ್ಟ್ರೇ, ಮನೆಗೆ ಬಂದ ಮೇಲೆ ಬರೀ ಬ್ರೇಕು" ಎಂದರು.

ಶಾಲೆಯ ಹಿಂದೆ ಯಾರೂ ಬಳಸದ ಹಳೆಯ ಈಜುಕೊಳವೊಂದಿತ್ತು. ನೀರು ಹಸಿರುಗಟ್ಟಿ ನಿಂತಿತ್ತು. ಮುಖ್ಯೋಪಾಧ್ಯಾಯರಿಗೆ ಅದು ಸೊಳ್ಳೆಯ ತೊಟ್ಟಿಲು, ಸಾಣೆ ಟೀಚರಿಗೆ ಅದು ಪ್ರಯೋಗಶಾಲೆ. ಅವರು ಆ ನೀರನ್ನು ಬಟ್ಟೆಯಲ್ಲಿ ಸೋಸಿ ಚಪ್ಪಟೆಯಾದ ಗಾಜಿನ ತಟ್ಟೆಗೆ ಹಾಕಿ, ಅದರ ಮೇಲೆ ಕಪ್ಪು ಕಾಗದ ಮುಚ್ಚುತ್ತಿದ್ದರು. ಕಾಗದದಲ್ಲಿ ಒಂದು ಅಕ್ಷರ ಕತ್ತರಿಸಿರುತ್ತಿತ್ತು. ಮೇಲಿನಿಂದ ದೀಪ. ಪಾಠದ ಕೊನೆಯಲ್ಲಿ ಕಾಗದ ತೆಗೆದರೆ ತಟ್ಟೆಯ ನೀರಿನಲ್ಲಿ ಹಸಿರು ಅಕ್ಷರವೊಂದು ಮೂಡಿರುತ್ತಿತ್ತು. ನೀರಿನಲ್ಲಿ ಈಜುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಜೀವಿಗಳು ಬೆಳಕು ಬಿದ್ದ ಜಾಗಕ್ಕೆ ಬಂದು ಸೇರುತ್ತಿದ್ದವು. ಮಕ್ಕಳು ಬೆರಳಿನಿಂದ ಆ ಅಕ್ಷರವನ್ನು ಕಲಕುವರು. ಕಾಗದ ಮುಚ್ಚಿ ಸ್ವಲ್ಪ ಹೊತ್ತು ಕಾದರೆ ಅದು ಮತ್ತೆ ಮೂಡುತ್ತಿತ್ತು. ಆಮೇಲೆ ಟೀಚರ್ ಸೌರಫಲಕದ ಚೂರೊಂದನ್ನು ಎತ್ತಿ ಹಿಡಿದು ಕೇಳುತ್ತಿದ್ದರು: "ಇದೂ ಬೆಳಕು ತಿನ್ನುತ್ತೆ, ಅದೂ ಬೆಳಕು ತಿನ್ನುತ್ತೆ. ಇಬ್ಬರಲ್ಲಿ ಸೋಮಾರಿ ಯಾರು?" ಅಲ್ಲಿಂದ ಪಾಠ ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಬೆಳಕು ಎಂದರೇನು, ವಿದ್ಯುತ್ತು ಹೇಗೆ ಹುಟ್ಟುತ್ತದೆ, ಪಾಚಿಯಿಂದ ಎಣ್ಣೆ ತೆಗೆಯಬಹುದೇ, ಎಲ್ಲವೂ ಆ ತಟ್ಟೆಯೊಳಗಿತ್ತು. ಪಕ್ಕದ ಕೊಠಡಿಯಲ್ಲಿ ಸಂಧಿ ಸಮಾಸ ಹೇಳಿಕೊಡುತ್ತಿದ್ದ ನಾನು, ಆ ಕೊಠಡಿಯಿಂದ ಮಕ್ಕಳ ಉದ್ಗಾರ ಕೇಳಿಬಂದಾಗಲೆಲ್ಲ ಹೊಟ್ಟೆಕಿಚ್ಚುಪಟ್ಟಿದ್ದೇನೆ.

ಆ ದಿನಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳನ್ನು ಸಾಣೆ ಟೀಚರ್ ಪುಟ್ಟಿ ಎಂದು ಕರೆದು, ತಮ್ಮ ಜೊತೆಯಲ್ಲೇ ಇಟ್ಟುಕೊಂಡಿದ್ದರು. ಅವಳು ಇವರನ್ನು ಅಕ್ಕಾ ಎನ್ನುತ್ತಿದ್ದಳು. ಕೊಳದ ಯಾವ ಮೂಲೆಯ ನೀರಿನಲ್ಲಿ ಈಜುವ ಪಾಚಿ ಸಿಗುತ್ತದೆ, ಬಟ್ಟೆ ಎಷ್ಟು ತೆಳ್ಳಗಿರಬೇಕು, ದೀಪ ಎಷ್ಟು ದೂರವಿಡಬೇಕು, ನೀರು ಬಿಸಿಯಾದರೆ ಪಾಚಿ ಹೇಗೆ ಮುನಿಸಿಕೊಂಡು ತಳ ಸೇರುತ್ತದೆ, ಇವೆಲ್ಲವನ್ನೂ ಅವಳಿಗೆ ಕೈಹಿಡಿದು ಕಲಿಸಿದರು. ಪುಟ್ಟಿ ಹಿಂದಿನ ಬೆಂಚಿನಲ್ಲಿ ಕುಳಿತು ಇವರ ತರಗತಿಗಳನ್ನೆಲ್ಲ ನೋಡಿದಳು. ಚುರುಕು ಹುಡುಗಿ. ಮುಂದೆ ಓದಲು ವಿಶ್ವವಿದ್ಯಾಲಯಕ್ಕೆ ಹೊರಟಾಗ, ಇಬ್ಬರೂ ಗೇಟಿನ ಬಳಿ ಅತ್ತದ್ದನ್ನು ನಾನೇ ಕಂಡಿದ್ದೇನೆ.

ಕೆಲವು ವರ್ಷಗಳ ನಂತರ ಪುಟ್ಟಿಯ ಚಿತ್ರ ಪತ್ರಿಕೆಯಲ್ಲಿ ಬಂತು. ವಿಶ್ವವಿದ್ಯಾಲಯದ ಹೊಸ ಸಂಶೋಧನೆಗಳನ್ನು ಕುರಿತ ಪುಟ ಅದು. ಅಗ್ಗದ ಸೌರಫಲಕ, ಬೆಳಕನ್ನು ಹಿಡಿದು ಬಗ್ಗಿಸುವ ಹರಳು, ಎಣ್ಣೆ ಕೊಡುವ ಪಾಚಿ, ಇವುಗಳ ಜೊತೆಗೆ ಶಿಕ್ಷಣದ ವಿಭಾಗದಲ್ಲಿ ನಮ್ಮ ಪುಟ್ಟಿ. ಅವಳ ಕೈಯಲ್ಲಿ ಒಂದು ಗಾಜಿನ ತಟ್ಟೆ, ತಟ್ಟೆಯಲ್ಲಿ ಹಸಿರು ಅಕ್ಷರ. ಹೊಸ ಸಂಶೋಧನೆಯನ್ನು ಶಾಲೆಯ ಮಕ್ಕಳಿಗೆ ತಲುಪಿಸುವ ವಿಧಾನವೊಂದನ್ನು ತಾನು ಕಂಡುಹಿಡಿದಿರುವುದಾಗಿ ಅವಳು ಹೇಳಿದ್ದಳು. ಸಾಣೆ ಟೀಚರ್ ಆ ಪುಟವನ್ನು ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ತಮ್ಮ ಮಾತು ಎಲ್ಲಾದರೂ ಬರುತ್ತದೇನೋ ಎಂದು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಬರಲಿಲ್ಲ. ಪತ್ರಿಕೆ ಮಡಚಿ, "ಫೋಟೋದಲ್ಲಿ ದಪ್ಪ ಆಗಿದ್ದಾಳೆ" ಎಂದಷ್ಟೇ ಹೇಳಿ ತರಗತಿಗೆ ಹೋದರು.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಅವರು ನುಂಗಿಕೊಳ್ಳುತ್ತಿದ್ದರು. ಆದರೆ ಮುಂದಿನ ವರ್ಷದ ಆರಂಭದಲ್ಲಿ ಪುಟ್ಟಿ ನಮ್ಮ ಶಾಲೆಗೇ ಬಂದಳು. ಅವಳೀಗ ಪ್ರೊಫೆಸರ್. ಅವಳ ಹಿಂದೆ ವ್ಯಾನಿನ ತುಂಬ ರಟ್ಟಿನ ಪೆಟ್ಟಿಗೆಗಳು, ಮುಚ್ಚಳದ ಮೇಲೆ ಅವಳದೇ ನಗುಮುಖದ ಚಿತ್ರ. ಪ್ರತಿ ಪೆಟ್ಟಿಗೆಯಲ್ಲೂ ದೀಪ, ಬೆಳಕನ್ನು ಬಣ್ಣಗಳಾಗಿ ಒಡೆಯುವ ಪಟ್ಟಕ, ಪುಟ್ಟ ಸೌರಫಲಕ, ಅದಕ್ಕೆ ಜೋಡಿಸಿದ ಅಂಗೈಯಗಲದ ಫ್ಯಾನು, ಸೀಸೆಯಲ್ಲಿ ಪಾಚಿ, ತಟ್ಟೆ, ಅಕ್ಷರ ಕತ್ತರಿಸಿದ ಕಪ್ಪು ಕಾಗದ. ಈ ಪೆಟ್ಟಿಗೆಯ ಪಾಠವನ್ನು ಮೊದಲು ನಮ್ಮಲ್ಲಿ ಪರೀಕ್ಷಿಸುವುದು, ಇಲ್ಲಿ ಗೆದ್ದರೆ ಎಲ್ಲ ಶಾಲೆಗಳಿಗೂ ಅವಳ ಹೆಸರಿನಲ್ಲೇ ಕಳಿಸುವುದು ಎಂದು ಶಿಕ್ಷಣ ಇಲಾಖೆಯ ಸಮಿತಿ ತೀರ್ಮಾನಿಸಿತ್ತು. ಎಂಟನೆಯ ತರಗತಿಯ ಒಂದು ವಿಭಾಗಕ್ಕೆ ಪೆಟ್ಟಿಗೆ, ಇನ್ನೊಂದಕ್ಕೆ ಎಂದಿನ ಪಾಠ. ವರ್ಷದ ಕೊನೆಗೆ ಎರಡಕ್ಕೂ ಒಂದೇ ಪ್ರಶ್ನೆಪತ್ರಿಕೆ. ಪಕ್ಷಪಾತ ಬರಬಾರದೆಂದು ಚೀಟಿ ಎತ್ತಿದರು. ಪೆಟ್ಟಿಗೆ ಎ ವಿಭಾಗದ ಪಾಲಾಯಿತು, ಅಲ್ಲಿನ ಮೇಷ್ಟ್ರು ನಾವು ಲಂಬೂ ಎನ್ನುತ್ತಿದ್ದ ಉದ್ದನೆಯ ತರುಣ. ಬಿ ವಿಭಾಗ ಸಾಣೆ ಟೀಚರದು.

"ಅಕ್ಕಾ, ನಿಮ್ಮದು ಹೋಲಿಕೆ ತರಗತಿ" ಎಂದಳು ಪುಟ್ಟಿ, ಸ್ಟಾಫ್ ರೂಮಿನಲ್ಲಿ ನಮ್ಮೆಲ್ಲರ ಎದುರಿಗೆ.

"ಹಾಗಂದ್ರೆ?"

"ಅಂದ್ರೆ... ವಿಶೇಷ ಏನೂ ನಡೆಯದ ತರಗತಿ. ಪುಸ್ತಕ, ಕಪ್ಪು ಹಲಗೆ, ಸೀಮೆಸುಣ್ಣ. ಅಷ್ಟೇ."

"ಪಾಚಿ?"

"ಈ ವರ್ಷ ಮಾತ್ರ ಬೇಡ ಅಕ್ಕ. ನೀವು ತಟ್ಟೆ ತಂದ್ರೆ ಹೋಲಿಕೆ ಕೆಟ್ಟುಹೋಗುತ್ತೆ."

ಸಾಣೆ ಟೀಚರ್ ಅವಳನ್ನು ಎವೆಯಿಕ್ಕದೆ ನೋಡಿದರು. "ನಮ್ಮನೇ ಬಾವಿ ನೀರು ಸೇದೋಕೆ ನಾನು ನಿನ್ನ ಹತ್ರ ಕೇಳಬೇಕು, ಅಲ್ವೇನಮ್ಮ?"

ಪುಟ್ಟಿಯ ಮುಖ ಕೆಂಪಾಯಿತು. "ಅಕ್ಕ, ಎಲ್ಲರೂ ಎಲ್ಲರಿಂದಾನೂ ಕಲೀತಾರೆ. ಆದ್ರೆ ತಟ್ಟೆ ಪಾಠಾನ ಸಂಶೋಧನೆ ಮಾಡಿದ್ದು ನಾನು."

"ಸರಿ ಪ್ರೊಫೆಸರೇ" ಎಂದರು ಸಾಣೆ ಟೀಚರ್. ಆ ದಿನದಿಂದ ಅವರು ಅವಳನ್ನು ಪುಟ್ಟಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. "ಪುಸ್ತಕ, ಹಲಗೆ, ಸೀಮೆಸುಣ್ಣ. ಆಯ್ತು."

ಅವಳು ಹೋದ ಮೇಲೆ ಅವರು ಡ್ರಾಯರು ತೆರೆದು ಸಾಣೆಕಲ್ಲು ತೆಗೆದರು. ಆಗಲೇ ಹರಿತವಾಗಿದ್ದ ಕತ್ತರಿಯೊಂದನ್ನು ಬಹಳ ಹೊತ್ತು ಮಸೆದರು. "ಮೇಷ್ಟ್ರೇ, ಈ ಪೆಟ್ಟಿಗೆ ಇಲ್ಲಿಂದ ಆಚೆ ಹೋಗಬಾರದು" ಎಂದರು. "ಅವಳ ಮುಖ ಅಂಟಿಸಿಕೊಂಡು ಒಂದು ಶಾಲೆಗೂ ಹೋಗಬಾರದು. ಅದನ್ನ ನೋಡಿಕೊಳ್ಳೋದು ನನಗಿರಲಿ."

"ತಟ್ಟೆ ತರ್ತೀರಾ?"

"ಛೇ! ನಿಯಮ ಮುರಿದ್ರೆ ನನ್ನ ತರಗತಿನ ಲೆಕ್ಕದಿಂದ ಬಿಟ್ಟು ಬೇರೆ ಕಡೆ ಪರೀಕ್ಷೆ ಮಾಡ್ತಾಳೆ. ನಿಯಮದ ಒಂದು ಅಕ್ಷರಾನೂ ಮುರಿಯೋಲ್ಲ. ಅವಳು ಹಾಕಿದ ಗೆರೆ ಒಳಗೇ ನಿಂತು ಸೋಲಿಸ್ತೀನಿ."

ಅವರು ಹೇಳಿದಂತೆಯೇ ನಡೆದರು. ತರಗತಿಯಲ್ಲಿ ಪುಸ್ತಕ, ಹಲಗೆ, ಸೀಮೆಸುಣ್ಣ ಬಿಟ್ಟು ಬೇರೆ ಯಾವುದನ್ನೂ ಮುಟ್ಟಲಿಲ್ಲ. ಆಗಾಗ ನೋಡಿಹೋಗಲು ವಿಶ್ವವಿದ್ಯಾಲಯದಿಂದ ಬರುತ್ತಿದ್ದವರು ಹಿಂದಿನ ಬೆಂಚಿನಲ್ಲಿ ಕುಳಿತು, ತಪ್ಪೇನೂ ಕಾಣದೆ ಎದ್ದುಹೋಗುತ್ತಿದ್ದರು. ಆದರೆ ಪುಟ್ಟಿ ತರಗತಿಯ ನಾಲ್ಕು ಗೋಡೆಗಳಿಗೆ ಮಾತ್ರ ನಿಯಮ ಮಾಡಿದ್ದಳು. ಎರಡು ವಿಭಾಗದ ಮಕ್ಕಳೂ ಮಧ್ಯಾಹ್ನ ಒಂದೇ ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ ಎಂಬುದು, ಇದೇ ಶಾಲೆಯಲ್ಲಿ ಪಾಠ ಮಾಡಿ ಹೋದವಳಿಗೆ ನೆನಪಿಗೆ ಬಂದಿರಲಿಲ್ಲ. ವಿಶ್ವವಿದ್ಯಾಲಯದ ಕೋಣೆಯಲ್ಲಿ ಕುಳಿತು ಯೋಜನೆ ಬರೆಯುವಾಗ ಮರ ಎಲ್ಲಿ ಕಾಣುತ್ತದೆ?

ಸಾಣೆ ಟೀಚರ್ ತಮ್ಮ ಮಕ್ಕಳಿಗೆ ಹೇಳಿದ್ದು ಇಷ್ಟೇ: "ಎ ವಿಭಾಗದವರು ದಿನಾ ಏನೋ ನೋಡ್ತಾರೆ. ನಮಗೆ ನೋಡೋ ಭಾಗ್ಯ ಇಲ್ಲ, ಕೇಳೋ ಬಾಯಿ ಇದೆ. ಏನು ನೋಡಿದ್ರಿ ಅಂತ ಕೇಳಿ. ಯಾಕೆ ಹಾಗಾಯ್ತು ಅಂತ ಕೇಳಿ. ಉತ್ತರ ಬರೋ ತನಕ ಬಿಡಬೇಡಿ. ಬರದಿದ್ರೆ ನೀವೇ ಯೋಚನೆ ಮಾಡಿ."

ನಾನು ಮರದ ಕೆಳಗಿನ ಆ ವಿಚಾರಣೆಗಳನ್ನು ಕೇಳಿಸಿಕೊಂಡಿದ್ದೇನೆ. ಎರಡು ಜಡೆಯ ಹುಡುಗಿಯೊಬ್ಬಳು ಎ ವಿಭಾಗದ ಹುಡುಗನೊಬ್ಬನನ್ನು ಹಿಡಿದು ಕೂರಿಸಿಕೊಂಡಿದ್ದಳು.

"ಇವತ್ತು ಪೆಟ್ಟಿಗೇಲಿ ಏನಾಯ್ತು?"

"ಫ್ಯಾನ್ ತಿರುಗ್ತು."

"ಯಾಕೆ?"

"ಬೆಳಕು ಬಿತ್ತಲ್ಲ, ಅದಕ್ಕೆ."

"ಈ ಕಲ್ಲಿನ ಮೇಲೂ ಬಿಸಿಲು ಬಿದ್ದಿದೆ. ಇದರಲ್ಲಿ ಯಾಕೆ ಕರೆಂಟ್ ಬರಲ್ಲ?"

"ನನಗೇನು ಗೊತ್ತು? ಊಟ ಮಾಡೋಕೆ ಬಿಡೇ!"

"ನೋಡಿ ಬಂದೋನು ನೀನು. ಕೈ ಅಡ್ಡ ಇಟ್ರೆ ನಿಲ್ತಾ? ಅರ್ಧ ಮುಚ್ಚಿದ್ರೆ?"

"ಮುಚ್ಚಿ ನೋಡಲಿಲ್ಲ."

"ನಾಳೆ ಮುಚ್ಚಿ ನೋಡ್ಕೊಂಡು ಬಾ. ಆಮೇಲೆ ಊಟ."

ಹುಡುಗ ಪಾಪ, ಮರುದಿನ ಮುಚ್ಚಿ ನೋಡಿ ಬಂದ. ಹೀಗೆ ಪುಟ್ಟಿಯ ಪೆಟ್ಟಿಗೆಯ ಸಾರವೆಲ್ಲ ಬುತ್ತಿಯ ಹೊತ್ತಿನಲ್ಲಿ ಬಿ ವಿಭಾಗಕ್ಕೆ ಇಳಿದುಬರುತ್ತಿತ್ತು. ಮಾರನೆಯ ದಿನ ಸಾಣೆ ಟೀಚರ್ ಹಲಗೆಯ ಮುಂದೆ ನಿಂತು, ಮಕ್ಕಳು ತಂದದ್ದನ್ನು ಕೆದಕಿ, ಸುಲಿದು, ಹಿಂಜುತ್ತಿದ್ದರು. ಪಾಚಿಯ ತಟ್ಟೆಯ ಸರದಿ ಬಂದಾಗ ಏನು ಕೇಳಬೇಕೆಂದು ಅವರಿಗೆ ತಿಳಿದಷ್ಟು ಜಗತ್ತಿನಲ್ಲಿ ಇನ್ಯಾರಿಗೆ ತಿಳಿದಿತ್ತು? "ಅಕ್ಷರ ಕಲಕಿದ್ರಾ ಅಂತ ಕೇಳು. ಮತ್ತೆ ಬಂತಾ ಅಂತ ಕೇಳು. ದೀಪ ಆರಿಸಿದ್ರಾ ಅಂತ ಕೇಳು." ತಮ್ಮ ಮಕ್ಕಳ ಕಣ್ಣಿಗೆ ಬೀಳದ ಹಸಿರನ್ನು ಅವರು ಪರರ ಬಾಯಿಯಿಂದ ಕೀಳಿಸಿದರು.

ಅವರ ಹುಮ್ಮಸ್ಸು ಕಂಡು ಒಂದು ದಿನ ನಾನೇ ಕೇಳಿಬಿಟ್ಟೆ. "ಟೀಚರ್, ಕೋಪ ಮಾಡ್ಕೋಬೇಡಿ. ನೀವು ಸೋಲಿಸ್ತಾ ಇರೋದು ನಿಮ್ಮ ಪಾಠಾನೇ ಅಲ್ವಾ? ಆ ತಟ್ಟೆಯಿಂದ ಪ್ರಯೋಜನ ಇಲ್ಲ ಅಂತ ನಾಳೆ ಬರೆದುಬಿಡ್ತಾರೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತು ಮೇಷ್ಟ್ರೇ. ಮೊದಲನೇ ದಿನಾನೇ ಗೊತ್ತು. ನನ್ನ ಬಟ್ಟೆ ಕದ್ದು ಅವಳು ಹಾಕ್ಕೊಂಡು ಓಡಾಡ್ತಿದ್ದಾಳೆ. ವಾಪಸ್ ಕೊಡೋಲ್ಲ ಅಂದ್ರೆ ಹರಿದೇ ಹೋಗಲಿ. ಅವಳ ಮೈಮೇಲೆ ಚೆನ್ನಾಗಿ ಕಾಣೋದು ಬೇಡ."

"ಮಕ್ಕಳ ಗತಿ?"

"ನನ್ನ ಮಕ್ಕಳಿಗೇನು ಕಡಿಮೆ ಆಗಿದೆ? ಯಾರನ್ನ ಬೇಕಾದ್ರೂ ಕೇಳಿ ನೋಡಿ." ಅದೂ ನಿಜವೇ ಆಗಿತ್ತು. ಆ ವರ್ಷ ಬಿ ವಿಭಾಗದಲ್ಲಿ ಪಾಠ ಮಾಡಲು ನನಗೇ ಅಂಜಿಕೆ. ಷಷ್ಠೀ ವಿಭಕ್ತಿ ಎಂದರೆ, "ಯಾಕೆ ಸಾರ್ ಅದು ಆರನೇದು? ಯಾರು ಎಣಿಸಿದ್ದು?" ಎಂದು ಎದ್ದುನಿಲ್ಲುತ್ತಿದ್ದರು.

ವರ್ಷದ ಕೊನೆಯ ಪರೀಕ್ಷೆ ನಡೆಯಿತು. ಉತ್ತರಪತ್ರಿಕೆಗಳನ್ನು ವಿಶ್ವವಿದ್ಯಾಲಯದವರೇ ತಿದ್ದಿದರು. ಫಲಿತಾಂಶ ಹಿಡಿದುಕೊಂಡು ಪುಟ್ಟಿ ಒಬ್ಬಳೇ ಬಂದಳು. ಅವಳ ಕಣ್ಣಿನ ಕೆಳಗೆ ಕಪ್ಪು. ಸ್ಟಾಫ್ ರೂಮಿನಲ್ಲಿ ನಾನು, ಲಂಬೂ, ಸಾಣೆ ಟೀಚರ್ ಇದ್ದೆವು. ನಾನು ಎದ್ದು ಹೊರಡಲು ನೋಡಿದೆ. ಸಾಣೆ ಟೀಚರ್ "ಕೂತ್ಕೊಳ್ಳಿ ಮೇಷ್ಟ್ರೇ, ಚಹಾ ಆರುತ್ತೆ" ಎಂದರು.

"ಅಕ್ಕ, ಎರಡೂ ವಿಭಾಗ ಸಮಸಮ ಬಂದಿದೆ" ಎಂದಳು ಪುಟ್ಟಿ. "ಕೆಲವು ಪ್ರಶ್ನೆಗೆ ನಿಮ್ಮವರೇ ಮುಂದೆ. ಸಮಿತಿ ಮುಂದಿನ ವಾರ ಕೂರುತ್ತೆ. ಈ ಫಲಿತಾಂಶ ಇಟ್ರೆ ಪೆಟ್ಟಿಗೆ ಅಲ್ಲಿಗೇ ಮುಗೀತು. ನನ್ನ ಇಷ್ಟು ವರ್ಷದ ಕೆಲಸ ಮುಗೀತು. ನಿಜ ಹೇಳಿ, ನೀವು ಏನು ಮಾಡಿದ್ರಿ?"

"ಪುಸ್ತಕ, ಹಲಗೆ, ಸೀಮೆಸುಣ್ಣ."

"ಅಕ್ಕಾ..."

"ಹೇಳ್ತೀನಿ ಇರು, ಮುಚ್ಚಿಡೋಕೆ ನಾನೇನು ಕಳ್ಳಿ ಅಲ್ಲ" ಎಂದು ಸಾಣೆ ಟೀಚರ್ ಚಹಾದ ಲೋಟ ಕೆಳಗಿಟ್ಟರು. ಮರದ ಕೆಳಗಿನ ಕತೆಯನ್ನು ಒಂದು ಮಾತೂ ಬಿಡದೆ ಹೇಳಿದರು. "ನಿನ್ನ ಮಕ್ಕಳು ನೋಡಿದರು, ನನ್ನ ಮಕ್ಕಳು ಕೇಳಿದರು. ಬುತ್ತಿ ಹೊತ್ತಿನಲ್ಲಿ ಮಾತಾಡಬಾರದು ಅಂತ ನೀನು ಹೇಳಿರಲಿಲ್ಲ."

ಲಂಬೂ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದ. ಪುಟ್ಟಿ ಕುರ್ಚಿ ಎಳೆದುಕೊಂಡು ಕುಳಿತಳು. ಅವಳ ಮುಖದಲ್ಲಿ ಮೊದಲು ಕೋಪ, ಆಮೇಲೆ ಆಸೆ. "ಹಾಗಾದ್ರೆ ಹೋಲಿಕೆ ಕೆಟ್ಟಿದೆ! ಇದನ್ನ ಸಮಿತಿಗೆ ಹೇಳಿದ್ರೆ ಬೇರೆ ಶಾಲೆಯಲ್ಲಿ ಮತ್ತೆ ಪರೀಕ್ಷೆ ಮಾಡೋಕೆ ಒಪ್ತಾರೆ. ನಾನೊಬ್ಬಳೇ ಹೇಳಿದ್ರೆ ಸೋತಿದ್ದಕ್ಕೆ ನೆಪ ಅಂತಾರೆ. ನೀವು ಬಂದು ಹೇಳ್ತೀರಾ ಅಕ್ಕ?"

"ಬರ್ತೀನಿ. ಸಂತೋಷವಾಗಿ ಬರ್ತೀನಿ. ಆದ್ರೆ ಅವರು ಒಂದು ಮಾತು ಕೇಳ್ತಾರೆ. ಹೋಲಿಕೆ ತರಗತಿ ಟೀಚರ್‌ಗೆ ಪೆಟ್ಟಿಗೆಯೊಳಗಿನ ವಿಷಯ ಇಷ್ಟು ಚೆನ್ನಾಗಿ ಹೇಗೆ ಗೊತ್ತಿತ್ತು? ಯಾವ ಪ್ರಶ್ನೆ ಕೇಳಿಸಬೇಕು ಅಂತ ಹೇಗೆ ಗೊತ್ತಿತ್ತು? ಅದಕ್ಕೆ ಉತ್ತರ ನಾನು ಹೇಳೋಲ್ಲ. ನೀನು ಹೇಳಬೇಕು. 'ತಟ್ಟೆ ಪಾಠ ಇವರದು, ಇವರ ಹಿಂದಿನ ಬೆಂಚಲ್ಲಿ ಕೂತು ನಾನು ಕಲಿತಿದ್ದು' ಅಂತ ಅಷ್ಟು ಜನರ ಮುಂದೆ ನಿನ್ನ ಬಾಯಿಂದ ಬರಬೇಕು. ಅದು ಬಂದ ಮರುಕ್ಷಣ ನಾನು ಎದ್ದು, ಪರೀಕ್ಷೆ ಕೆಡಿಸಿದ್ದು ನಾನೇ ಅಂತ ಹೇಳ್ತೀನಿ. ನಿನ್ನ ಪೆಟ್ಟಿಗೆ ಉಳಿಯುತ್ತೆ."

ಪುಟ್ಟಿ ಫಲಿತಾಂಶದ ಹಾಳೆಗಳನ್ನು ಮಡಚಿದಳು. "ಅಷ್ಟು ಸುಲಭ ಅಲ್ಲ ಅಕ್ಕ" ಎಂದಳು. "ನನ್ನ ಪದವಿ ಅದರ ಮೇಲೆ ನಿಂತಿದೆ. ಈಗ ಹೋಗಿ ಹಾಗೆ ಹೇಳಿದ್ರೆ ನನ್ನನ್ನ ಏನಂತಾರೆ?"

"ನಾನು ಏನು ಅಂತೀನೋ ಅದನ್ನೇ ಅಂತಾರೆ."

ಪುಟ್ಟಿ ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ, "ನೀವು ನನಗೆ ಅಕ್ಕನ ಹಾಗಿದ್ರಿ" ಎಂದಳು.

"ಇದ್ದೆ" ಎಂದರು ಸಾಣೆ ಟೀಚರ್.

ಆ ವಾರವಿಡೀ ಅವರ ಕಿವಿ ಆಫೀಸಿನ ಫೋನಿನ ಕಡೆಗಿತ್ತು. ಅದು ಬಡಿದುಕೊಂಡಾಗಲೆಲ್ಲ ಮಾತು ನಿಲ್ಲಿಸುವರು. ಸಮಿತಿ ಕೂಡುವ ದಿನ ಅವರು ಇಸ್ತ್ರಿ ಮಾಡಿದ ಒಳ್ಳೆಯ ಉಡುಪು ಧರಿಸಿ ಬಂದಿದ್ದರು. ಗಂಡ ಬೆಳಿಗ್ಗೆ ತಮ್ಮ ಬಸ್ಸಿನಲ್ಲೇ ತಂದು ಗೇಟಿನ ಮುಂದೆ ಇಳಿಸಿಹೋಗಿದ್ದರು. ಕರೆದರೆ ಹೊರಡಲು ಸಿದ್ಧವಾಗಿದ್ದರು ಎಂದು ನನಗೆ ತಿಳಿಯಿತು. ಸಂಜೆಯ ಗಂಟೆ ಹೊಡೆಯಿತು. ಯಾರೂ ಕರೆಯಲಿಲ್ಲ.

"ಹೇಳ್ತಾಳೆ ಅಂದ್ಕೊಂಡಿದ್ರಾ?" ಎಂದು ಮೆಲ್ಲಗೆ ಕೇಳಿದೆ.

"ಹೇಳಿದ್ರೆ ನಾನು ಸೋಲ್ತಿದ್ದೆ ಮೇಷ್ಟ್ರೇ. ಸೋಲೋಕೆ ತಯಾರಾಗೇ ಬಂದಿದ್ದೆ" ಎಂದು ಅವರು ಚೀಲ ಎತ್ತಿಕೊಂಡರು. ಗೇಟಿನವರೆಗೆ ಹೋಗುವಷ್ಟರಲ್ಲಿ ಅವರ ನಡಿಗೆ ಮತ್ತೆ ಬಿರುಸಾಗಿತ್ತು. "ಬಾಯಿ ಬಿಡೋದಕ್ಕಿಂತ ಮುಳುಗೋದೇ ವಾಸಿ ಅಂದ್ಕೊಂಡಿದ್ದಾಳೆ. ಮುಳುಗಲಿ."

ವರದಿ ಬಂತು. ಪಾಚಿಯ ತಟ್ಟೆ, ಪಟ್ಟಕ, ಪುಟ್ಟ ಫ್ಯಾನು, ಇವುಗಳಿಂದ ಮಕ್ಕಳ ಕಲಿಕೆಗೆ ಹೆಚ್ಚಿನ ಪ್ರಯೋಜನವೇನೂ ಕಂಡುಬಂದಿಲ್ಲ ಎಂದು ಅದರಲ್ಲಿತ್ತು. ವ್ಯಾನು ಬಂದು ಪೆಟ್ಟಿಗೆಗಳನ್ನು ತುಂಬಿಕೊಂಡು ಹೋಯಿತು. ಸಾಣೆ ಟೀಚರ್ ಮೊಗಸಾಲೆಯಲ್ಲಿ ನಿಂತು ಕೊನೆಯ ಪೆಟ್ಟಿಗೆ ಏರುವವರೆಗೂ ನೋಡಿದರು. ಮುಚ್ಚಳದ ಮೇಲಿನ ಪುಟ್ಟಿಯ ನಗುಮುಖ ಬಿಸಿಲಿಗೆ ಆಗಲೇ ಬಣ್ಣಗೆಟ್ಟಿತ್ತು. ಆ ದಿನ ಅವರು ಸ್ಟಾಫ್ ರೂಮಿಗೆಲ್ಲ ಸಿಹಿ ಹಂಚಿದರು. ಲಂಬೂ ತನ್ನ ಪಾಲನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ, ತಿನ್ನಲಿಲ್ಲ.

ಹೊಸ ಶಾಲಾ ವರ್ಷದಲ್ಲಿ ಅವರು ಎಂದಿನಂತೆ ಕೊಳದ ಕಡೆಗೆ ಬಾಲ್ದಿ ಹಿಡಿದು ಹೊರಟರು. ಮುಖ್ಯೋಪಾಧ್ಯಾಯರು ಮೊಗಸಾಲೆಯಲ್ಲೇ ತಡೆದರು. "ಟೀಚರ್, ಇನ್ನು ಅದೆಲ್ಲ ಬೇಡ. ಪ್ರಯೋಜನ ಇಲ್ಲ ಅಂತ ವಿಶ್ವವಿದ್ಯಾಲಯವೇ ಹೇಳಿದೆ. ಸುಮ್ಮನೆ ಸೊಳ್ಳೆ, ಕೊಳಕು. ಆ ಕೊಳ ಮುಚ್ಚಿಸೋಕೆ ಮೇಲಿನವರೂ ಒಪ್ಪಿದ್ದಾರೆ."

ಸಾಣೆ ಟೀಚರ್ ಸಿಡಿದೇಳುತ್ತಾರೆ ಎಂದುಕೊಂಡೆ. ಸತ್ಯ ಹೇಳಲು ಒಂದು ಮಾತು ಸಾಕಾಗಿತ್ತು. ಅವರು ಬಾಲ್ದಿ ಕೆಳಗಿಟ್ಟು, "ಆಯ್ತು ಸಾರ್, ವಿಶ್ವವಿದ್ಯಾಲಯ ಹೇಳಿದ ಮೇಲೆ ಮುಗೀತು" ಎಂದು ನಕ್ಕುಬಿಟ್ಟರು. ಮಣ್ಣಿನ ಲಾರಿಗಳು ಬಂದು ಕೊಳ ತುಂಬಿಸಿದವು. ಆಮೇಲೆ ಅಲ್ಲಿ ಮೋಟಾರು ಸೈಕಲ್ಲುಗಳು ನಿಂತವು.

ಲಂಬೂ ಮಾತ್ರ ಆ ತಟ್ಟೆಯನ್ನು ಮರೆತಿರಲಿಲ್ಲ. ಒಂದು ಮಧ್ಯಾಹ್ನ ಅವರ ಮೇಜಿನ ಬಳಿ ಬಂದು ನಿಂತ. "ಟೀಚರ್, ಹೋದ ವರ್ಷದ ಎ ವಿಭಾಗದ ಮಕ್ಕಳು ಹಸಿರು ಅಕ್ಷರ ಮತ್ತೆ ತೋರಿಸಿ ಅಂತ ಪೀಡಿಸ್ತಾ ಇದ್ದಾರೆ. ಪೆಟ್ಟಿಗೆ ಇಲ್ಲ. ಪಾಚಿ ಎಲ್ಲಿಂದ ತರೋದು, ಹೇಗೆ ಸೋಸೋದು ಅಂತ ಹೇಳಿಕೊಡ್ತೀರಾ? ನಿಮ್ಮ ಹೆಸರು ಹೇಳೇ ಕಲಿಸ್ತೀನಿ, ಆಣೆಗೂ."

ಅವರು ತಲೆಯೆತ್ತಿದರು. ಅವನ ಮುಖವನ್ನೇ ನೋಡಿದರು, ಅಳೆಯುವವರಂತೆ. ಹಿಂದೊಮ್ಮೆ ಯಾರನ್ನೋ ಹೀಗೆಯೇ ನಂಬಿದ್ದೆನಲ್ಲ ಎಂದು ಅವರಿಗೆ ಅನ್ನಿಸಿರಬೇಕು.

"ಅದರಿಂದ ಪ್ರಯೋಜನ ಇಲ್ಲಪ್ಪ" ಎಂದರು. "ವರದಿ ಓದಿಲ್ವಾ?"

ಅವನು ತಲೆ ತಗ್ಗಿಸಿ ಹೊರಟುಹೋದ. ಅಷ್ಟು ವರ್ಷಗಳ ಒಡನಾಟದಲ್ಲಿ ನನಗೆ ಅವರ ಮೇಲೆ ನಿಜವಾದ ಸಿಟ್ಟು ಬಂದದ್ದು ಆಗಲೇ. "ಅವನೇನು ಮಾಡಿದ್ದ ಟೀಚರ್?" ಎಂದೆ.

"ಏನೂ ಮಾಡಿಲ್ಲ."

"ಮತ್ತೆ?"

"ಅವಳೂ ಆಗ ಏನೂ ಮಾಡಿರಲಿಲ್ಲ" ಎಂದು ಅವರು ಉತ್ತರಪತ್ರಿಕೆಗಳ ಕಟ್ಟನ್ನು ಮುಂದಕ್ಕೆ ಎಳೆದುಕೊಂಡರು.

ನಿವೃತ್ತರಾಗುವವರೆಗೂ ಅವರು ಚೆನ್ನಾಗಿಯೇ ಪಾಠ ಮಾಡಿದರು. ಅವರ ಮಕ್ಕಳು ಎಲ್ಲೇ ಹೋದರೂ ಪ್ರಶ್ನೆ ಕೇಳುವವರೆಂದು ಹೆಸರಾದರು. ಪುಟ್ಟಿ ಬೇರೊಂದು ವಿಷಯ ಹಿಡಿದು ಬೇರೊಂದು ವಿಶ್ವವಿದ್ಯಾಲಯಕ್ಕೆ ಹೋದಳಂತೆ. ಪಾಚಿಯ ಸುದ್ದಿ ಯಾರಾದರೂ ಎತ್ತಿದರೆ ಮಾತು ತಿರುಗಿಸುತ್ತಾಳಂತೆ. ಸಾಣೆ ಟೀಚರ್ ಈಗ ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದಾರೆ. ಗಂಡನಿಗೂ ನಿವೃತ್ತಿಯಾಗಿದೆ. ಸಂಜೆ ನಾನು ಹೋದರೆ ಚಹಾ ಕೊಡುತ್ತಾರೆ, ಕೈಗೆ ಸಿಕ್ಕಿದ ಚಾಕು ಮಸೆಯುತ್ತ ಹಳೆಯದನ್ನೆಲ್ಲ ಮಾತಾಡುತ್ತಾರೆ. ಹೋದ ವಾರ ಕೇಳಿದೆ, ಆ ವಿಷಯ ಈಗ ನೆನೆದರೆ ಹೇಗನ್ನಿಸುತ್ತದೆ ಎಂದು. "ಚೆನ್ನಾಗಿ ನಿದ್ದೆ ಬರುತ್ತೆ ಮೇಷ್ಟ್ರೇ" ಎಂದರು, ಚಾಕುವಿನ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತ.

ನಿಜವೇ ಹೇಳಿದರು, ಅವರ ಮುಖದಲ್ಲಿ ದಣಿವಿಲ್ಲ. ಆ ಪಾಠ ಹೇಗೆ ಮಾಡಬೇಕೆಂದು ಚೆನ್ನಾಗಿ ಬಲ್ಲವರು ಇಬ್ಬರೇ. ಇಬ್ಬರೂ ಕಲಿಸುವುದಿಲ್ಲ. ನಾನು ಪಕ್ಕದ ಕೊಠಡಿಯಿಂದ ಮಕ್ಕಳ ಉದ್ಗಾರವನ್ನು ಮಾತ್ರ ಕೇಳಿದವನು.